ಎಂಟೇ ದಿನಕ್ಕೆ ಮುಖ ಬೆಳ್ಳಗಾದರೆ ಡಬ್ಬಿಯಲ್ಲಿ ಏನಿದೆ?

2023ರ ಆರಂಭದಲ್ಲಿ ಮುಂಬಯಿಯ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ಮಹಾರಾಷ್ಟ್ರದ ಅಕೋಲಾದ ಒಂದೇ ಮನೆಯ ತಾಯಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಒಬ್ಬರ ಹಿಂದೊಬ್ಬರಂತೆ ಕಿಡ್ನಿ ಕಾಯಿಲೆ ಕಾಣಿಸಿಕೊಂಡಿತ್ತು. ಪರೇಲ್‌ನ ಕೆಇಎಂ ಆಸ್ಪತ್ರೆಯ ವೈದ್ಯರು ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು, ಊರಿನ ಪಾರ್ಲರ್‌ನಿಂದ ತಂದು ಮೂವರೂ ಹಚ್ಚುತ್ತಿದ್ದ ಮುಖದ ಕ್ರೀಮು. ಪರೀಕ್ಷಿಸಿ ನೋಡಿದರೆ ಅದರಲ್ಲಿ ಪಾದರಸ, ಅದೂ ಮಿತಿಗಿಂತ ಸಾವಿರಾರು ಪಟ್ಟು.

ಮರುವರ್ಷ ಕೇರಳದ ಕೊಟ್ಟಕ್ಕಲ್‌ನ ವೈದ್ಯರು ತಮ್ಮ ಲೆಕ್ಕ ಪ್ರಕಟಿಸಿದರು. 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಅವರು ಕಂಡ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ರೋಗಿಗಳಲ್ಲಿ 15 ಮಂದಿಗೆ ಅಪರೂಪದ ಒಂದೇ ಲಕ್ಷಣವಿತ್ತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದುದಾಗಿ ಒಪ್ಪಿಕೊಂಡರು. ಇದರ ಬೆನ್ನಿಗೇ ಯುರೋಪಿನಿಂದ ಇನ್ನೊಂದು ಸುದ್ದಿ: ಬಿಳುಪಿನ ಕ್ರೀಮುಗಳಿಗೆ ಹಾಕುವ ಕೋಜಿಕ್ ಆಸಿಡ್, ಅರ್ಬುಟಿನ್ ಎಂಬ ಪದಾರ್ಥಗಳಿಗೆ ಅಲ್ಲಿ ಮಿತಿ ಹಾಕಿದ್ದಾರೆ.

ಮುಂಬಯಿಯ ಸುತ್ತಲಿನ ಡೊಂಬಿವಲಿಯಿಂದ ಭಾಂಡುಪ್‌ವರೆಗೆ ಕನ್ನಡದ ವಾಟ್ಸ್‌ಆಪ್ ಗುಂಪುಗಳಲ್ಲಿ ಇಂಥ ಸುದ್ದಿಗಳು ಹರಿದಾಡುವಾಗ ಎಲ್ಲವೂ ಒಂದೇ ಸಾಲಿಗೆ ಇಳಿಯುತ್ತವೆ: ಬಿಳುಪಿನ ಕ್ರೀಮೆಲ್ಲ ವಿಷ, ಕಿಡ್ನಿ ಹೋಗುತ್ತದೆ. ಅದರ ಕೆಳಗೇ ಇನ್ನೊಬ್ಬರ ಸಂದೇಶ: ನಮ್ಮದರಲ್ಲಿ ಕೆಮಿಕಲ್ ಇಲ್ಲ, ಧೈರ್ಯವಾಗಿ ಹಚ್ಚಿ. ಎರಡನ್ನೂ ಓದಿದವರಿಗೆ ಕೈಯಲ್ಲಿರುವ ಟ್ಯೂಬನ್ನು ಇಟ್ಟುಕೊಳ್ಳಬೇಕೋ ಎಸೆಯಬೇಕೋ ತಿಳಿಯುವುದಿಲ್ಲ. ಪಾದರಸವೂ ಕೋಜಿಕ್ ಆಸಿಡ್ಡೂ ಒಂದೇ ಜಾತಿಯ ವಸ್ತುಗಳಲ್ಲ, ಅವುಗಳಿಂದಾಗುವ ಅಪಾಯವೂ ಒಂದೇ ಅಲ್ಲ. ಅದು ಸ್ಪಷ್ಟವಾಗಬೇಕಾದರೆ ಚರ್ಮಕ್ಕೆ ಬಣ್ಣ ಬರುವ ದಾರಿಯಿಂದಲೇ ಶುರುಮಾಡಬೇಕು.

ಬಣ್ಣ ಬರುವುದು ಹೇಗೆ

ಚರ್ಮದ ಮೇಲ್ಪದರದ ತಳದಲ್ಲಿ ಮೆಲನೋಸೈಟ್ ಎಂಬ ಕೋಶಗಳಿವೆ. ಮೆಲನಿನ್ ಎಂಬ ಬಣ್ಣ ತಯಾರಾಗುವುದು ಅವುಗಳಲ್ಲಿ. ಟೈರೋಸಿನ್ ಎಂಬ ಅಮೈನೋ ಆಮ್ಲವೇ ಕಚ್ಚಾವಸ್ತು. ಅದನ್ನು ಬಣ್ಣದ ಕಡೆಗೆ ತಿರುಗಿಸುವ ಕಿಣ್ವ ಟೈರೋಸಿನೇಸ್, ಮತ್ತು ಆ ಕಿಣ್ವ ಕೆಲಸ ಮಾಡಲು ಅದರೊಳಗೆ ತಾಮ್ರ ಇರಲೇಬೇಕು. ತಯಾರಾದ ಬಣ್ಣ ಸಣ್ಣ ಸಣ್ಣ ಗಂಟುಗಳಾಗಿ ಸುತ್ತಲಿನ ಚರ್ಮಕೋಶಗಳಿಗೆ ಸಾಗುತ್ತದೆ. ಆ ಕೋಶಗಳು ನಿಧಾನವಾಗಿ ಮೇಲೇರಿ ಕೊನೆಗೆ ಉದುರುತ್ತವೆ. ಕೆಳಗಿನಿಂದ ಮೇಲಕ್ಕೆ ಬರುವ ಈ ಪ್ರಯಾಣಕ್ಕೆ ಹರೆಯದವರಲ್ಲಿ ಸುಮಾರು ನಾಲ್ಕು ವಾರ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು.

ಬಿಸಿಲು, ಬಸುರಿನ ಹಾರ್ಮೋನು, ಮೊಡವೆಯ ಗಾಯ, ಉಜ್ಜಾಟ — ಯಾವುದು ಚರ್ಮವನ್ನು ಕೆಣಕಿದರೂ ಮೆಲನೋಸೈಟ್‌ಗೆ ಇನ್ನಷ್ಟು ಬಣ್ಣ ಮಾಡು ಎಂಬ ಸೂಚನೆ ಹೋಗುತ್ತದೆ. ಕೆನ್ನೆಯ ಮೇಲಿನ ಬಂಗು, ಮೊಡವೆ ಹೋದರೂ ಉಳಿಯುವ ಕಲೆ, ಎರಡೂ ಹೀಗೆ ಹುಟ್ಟಿದವು. ನಮ್ಮಂಥ ಗೋಧಿ ಬಣ್ಣದ, ಎಣ್ಣೆಗೆಂಪಿನ ಚರ್ಮದಲ್ಲಿ ಈ ಸೂಚನೆಗೆ ಸಿಗುವ ಉತ್ತರವೂ ಜೋರು. ಹಾಗಾಗಿ ಉರಿಸುವ ಔಷಧ ಕಲೆಯನ್ನು ತೆಗೆಯುವ ಬದಲು ಹೊಸ ಕಲೆ ತರುವುದೇ ಇಲ್ಲಿ ಹೆಚ್ಚು.

ನ್ಯಾಯವಾಗಿ ಕೆಲಸ ಮಾಡುವ ಪದಾರ್ಥಗಳೆಲ್ಲ ಈ ದಾರಿಯ ಒಂದೊಂದು ಕಡೆ ಕೈಹಾಕುತ್ತವೆ. ಕೋಜಿಕ್ ಆಸಿಡ್ ಟೈರೋಸಿನೇಸಿನ ತಾಮ್ರವನ್ನು ಹಿಡಿದಿಡುತ್ತದೆ. ಆಲ್ಫಾ ಅರ್ಬುಟಿನ್ ಅದೇ ಕಿಣ್ವದಲ್ಲಿ ಟೈರೋಸಿನ್ ಕೂರುವ ಜಾಗವನ್ನು ತಾನು ಆಕ್ರಮಿಸಿಕೊಳ್ಳುತ್ತದೆ. ನಯಾಸಿನಮೈಡ್ ಎಂಬ ಬಿ3 ವಿಟಮಿನ್ ಬಣ್ಣದ ತಯಾರಿಕೆಯನ್ನು ಮುಟ್ಟುವುದಿಲ್ಲ, ಗಂಟುಗಳ ಸಾಗಾಟವನ್ನು ಕಡಿಮೆ ಮಾಡುತ್ತದೆ. ಟ್ರಾನೆಕ್ಸಾಮಿಕ್ ಆಸಿಡ್ ರಕ್ತಸ್ರಾವ ನಿಲ್ಲಿಸಲೆಂದು ಜಪಾನಿನಲ್ಲಿ ಕಂಡುಹಿಡಿದ ಔಷಧ. ಅದು ಬಿಸಿಲು ತಾಗಿದ ಚರ್ಮಕೋಶದಿಂದ ಮೆಲನೋಸೈಟ್‌ಗೆ ಹೋಗುವ ಸೂಚನೆಯನ್ನೇ ತಗ್ಗಿಸುತ್ತದೆ.

ವೇಗವೇ ಸುಳಿವು

ಇವೆಲ್ಲ ಮಾಡುವುದು ಇನ್ನು ಮುಂದೆ ಬರಬೇಕಾದ ಬಣ್ಣವನ್ನು ಕಡಿಮೆ ಮಾಡುವುದು, ಅಷ್ಟೇ. ಈಗಾಗಲೇ ಮೇಲೆ ಇರುವ ಬಣ್ಣ ಉದುರಿಹೋಗಲು ಚರ್ಮಕ್ಕೆ ಬೇಕಾದಷ್ಟು ಹೊತ್ತು ಬೇಕೇ ಬೇಕು. 2002ರಲ್ಲಿ ಪ್ರಕಟವಾದ, ಇಂದಿಗೂ ಎಲ್ಲರೂ ಆಧಾರವಾಗಿ ಹಿಡಿಯುವ ಅಧ್ಯಯನದಲ್ಲಿ ಶೇ. 5 ನಯಾಸಿನಮೈಡ್ ಹಚ್ಚಿದವರ ಕಲೆಗಳು ಕಣ್ಣಿಗೆ ಕಾಣುವಷ್ಟು ತೆಳುವಾಗಲು ನಾಲ್ಕು ವಾರ ಹಿಡಿಯಿತು. ಬಂಗಿಗೆ ಎಂಟರಿಂದ ಹನ್ನೆರಡು ವಾರ ಕಾಯಿರಿ ಎಂದು ಚರ್ಮವೈದ್ಯರು ಹೇಳುವುದು ಇದಕ್ಕೇ.

ಹಾಗಿದ್ದರೆ ಎಂಟೇ ದಿನಕ್ಕೆ ಇಡೀ ಮುಖ ಬೆಳ್ಳಗಾಗಿಸುವ ಡಬ್ಬಿಯಲ್ಲಿ ಏನಿರಬಹುದು? ಅಂಥ ಡಬ್ಬಿಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬೀಳುವುದು ಪಾದರಸ, ಸ್ಟೀರಾಯ್ಡ್, ವೈದ್ಯರ ಕಣ್ಗಾವಲಿಲ್ಲದ ಹೈಡ್ರೋಕ್ವಿನೋನ್. ಮೂರನ್ನೂ ಒಂದೇ ಡಬ್ಬಿಗೆ ಕಲಸಿದ್ದೂ ಉಂಟು.

ಪಾದರಸ ಟೈರೋಸಿನೇಸಿನ ತಾಮ್ರದ ಜಾಗಕ್ಕೆ ನುಗ್ಗಿ ಕಿಣ್ವವನ್ನೇ ನಿಷ್ಕ್ರಿಯಗೊಳಿಸುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಚರ್ಮದ ಮೂಲಕ ರಕ್ತಕ್ಕೆ ಇಳಿದು ಕಿಡ್ನಿಯಲ್ಲಿ ಶೇಖರವಾಗುತ್ತದೆ, ಸೋಸುವ ಪರದೆಯನ್ನು ಕೆಡಿಸುತ್ತದೆ. ಆಗ ಮೂತ್ರದಲ್ಲಿ ಪ್ರೋಟೀನು ಹರಿದುಹೋಗಿ ನೊರೆ ಕಾಣುತ್ತದೆ, ಕಾಲು ಮುಖ ಬಾತುಕೊಳ್ಳುತ್ತವೆ. ಕ್ರೀಮು ಹಚ್ಚದವರಿಗೂ, ವಿಶೇಷವಾಗಿ ಮಕ್ಕಳಿಗೆ, ಅದೇ ಟವೆಲು ತಲೆದಿಂಬುಗಳಿಂದ ಮತ್ತು ಆವಿಯಿಂದ ಪಾದರಸ ತಲುಪುತ್ತದೆ. ಮನೆಯ ಒಬ್ಬರ ಚೆಲುವಿನ ಆಸೆಗೆ ಹಸುಗೂಸು ಬೆಲೆ ತೆರುವುದು ಎಂದರೆ ಇದು.

ಸ್ಟೀರಾಯ್ಡಿನ ಆಟ ಬೇರೆ. ಅದು ಉರಿಯನ್ನು ಅಡಗಿಸಿ, ರಕ್ತನಾಳಗಳನ್ನು ಕುಗ್ಗಿಸಿ ಮುಖಕ್ಕೆ ಕೂಡಲೇ ತಿಳಿಬಣ್ಣ ಕೊಡುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ರಕ್ತನಾಳಗಳ ಗೆರೆ ಕಾಣುತ್ತವೆ, ಮೊಡವೆ ಏಳುತ್ತವೆ, ಕೂದಲು ಬೆಳೆಯುತ್ತದೆ. ಬಿಟ್ಟರೆ ಮುಖ ಬೆಂಕಿಯಂತೆ ಉರಿಯುತ್ತದೆ, ಆ ಉರಿ ತಾಳದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಭಾರತದ ಚರ್ಮವೈದ್ಯರು ಇದನ್ನು ಎಷ್ಟೊಂದು ಕಂಡಿದ್ದಾರೆಂದರೆ, ಸ್ಟೀರಾಯ್ಡಿನಿಂದ ಹಾಳಾದ ಮುಖಕ್ಕೆ ಒಂದು ಪ್ರತ್ಯೇಕ ಹೆಸರನ್ನೇ ಇಟ್ಟು 2008ರಿಂದ ಬಳಸುತ್ತಿದ್ದಾರೆ. 2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ಗಲ್ಲಿಯ ಮೆಡಿಕಲ್ ಅಂಗಡಿಗಳಲ್ಲಿ ಅದು ಎಷ್ಟು ಪಾಲನೆಯಾಗುತ್ತಿದೆ ಎಂಬುದು ಓದುಗರಿಗೇ ಗೊತ್ತು.

ಹೈಡ್ರೋಕ್ವಿನೋನ್ ಮಾತ್ರ ಈ ಸಾಲಿನಲ್ಲಿ ಪೂರ್ತಿ ಕೆಟ್ಟದ್ದಲ್ಲ. ವೈದ್ಯರ ಕೈಯಲ್ಲಿ, ಮೂರು ನಾಲ್ಕು ತಿಂಗಳ ಮಟ್ಟಿಗೆ, ಬಂಗಿಗೆ ಅದು ಒಳ್ಳೆಯ ಔಷಧ. ವರ್ಷಗಟ್ಟಲೆ ಹಚ್ಚಿದರೆ ಹಚ್ಚಿದಲ್ಲೇ ನೀಲಿಗಪ್ಪು ಕಲೆ ಕೂರುತ್ತದೆ. ಆ ಕಲೆ ತೆಗೆಯುವುದು ಮೂಲ ಕಲೆಗಿಂತ ಕಷ್ಟ. ಯುರೋಪು 2001ರಲ್ಲೇ ಅದನ್ನು ಬಿಳುಪಿನ ಸೌಂದರ್ಯವರ್ಧಕಗಳಿಂದ ಹೊರಹಾಕಿತು. ಅಮೆರಿಕದಲ್ಲಿ 2020ರವರೆಗೆ ಚೀಟಿಯಿಲ್ಲದೆ ಸಿಗುತ್ತಿತ್ತು.

ಮಿತಿ ಇದ್ದೂ ಪಾದರಸ ಯಾಕೆ ಉಳಿದಿದೆ

ನಮ್ಮ 2020ರ ಸೌಂದರ್ಯವರ್ಧಕಗಳ ನಿಯಮದಂತೆ ಮುಖದ ಕ್ರೀಮಿಗೆ ಪಾದರಸ ಬೆರೆಸುವಂತಿಲ್ಲ. ತಪ್ಪಿ ಸೇರಿದ ಅಂಶವೂ ಹತ್ತು ಲಕ್ಷದಲ್ಲಿ ಒಂದು ಭಾಗ, ಅಂದರೆ ಒಂದು ಪಿಪಿಎಂ ಮೀರಬಾರದು. ಕಣ್ಣಿನ ಸುತ್ತ ಹಚ್ಚುವವಕ್ಕೆ ಆ ನಿಯಮ 70 ಪಿಪಿಎಂವರೆಗೆ ವಿನಾಯಿತಿ ಕೊಟ್ಟಿತ್ತು. ಒಂದು ಕಿಲೋ ಕ್ರೀಮಿನಲ್ಲಿ ಒಂದು ಮಿಲಿಗ್ರಾಂ ಇದ್ದರೆ ಅದು ಒಂದು ಪಿಪಿಎಂ. ಕಳ್ಳಮಾರ್ಗದ ಕ್ರೀಮುಗಳಲ್ಲಿ ಪಾದರಸದ ಲವಣ ಶೇ. 1ರಿಂದ 10ರವರೆಗೆ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಶೇ. 1 ಎಂದರೇ ಹತ್ತು ಸಾವಿರ ಪಿಪಿಎಂ. ಇಷ್ಟೊಂದು ಪಾದರಸ ಕೈತಪ್ಪಿ ಬಿದ್ದದ್ದಾಗಿರಲು ಸಾಧ್ಯವಿಲ್ಲ, ಅಳೆದು ಹಾಕಿದ್ದು.

ಪಾದರಸದ ಬಳಕೆ ತಗ್ಗಿಸಲೆಂದು ದೇಶದೇಶಗಳು ಮಾಡಿಕೊಂಡ, ಭಾರತವೂ 2018ರಲ್ಲಿ ಸೇರಿದ ಮಿನಮಾಟಾ ಒಪ್ಪಂದ ಮೊದಲು ಒಂದು ಪಿಪಿಎಂಗಿಂತ ಹೆಚ್ಚಿನ ಪಾದರಸವಿರುವ ಸೌಂದರ್ಯವರ್ಧಕಗಳನ್ನು ಮಾತ್ರ ತಡೆದಿತ್ತು. 2023ರ ಜಿನೀವಾ ಸಭೆ ಆ ಮಿತಿಯ ಮಾತನ್ನೇ ಕೈಬಿಟ್ಟು, ಪಾದರಸ ಬೆರೆಸಿದ ಯಾವ ಸೌಂದರ್ಯವರ್ಧಕವೂ 2025ರ ನಂತರ ಬೇಡವೆಂದು ತೀರ್ಮಾನಿಸಿತು. ಕಾಗದದ ಮೇಲೆ ಇದು ದೊಡ್ಡ ಹೆಜ್ಜೆ. ಪೇಟೆಯಲ್ಲಿ ಇದರ ಪರಿಣಾಮ ನಿಧಾನ. ಪಾದರಸದ ಲವಣ ಅಗ್ಗ, ಬೇಗ ಫಲ ತೋರಿಸುತ್ತದೆ, ವಾಸನೆ ಬಣ್ಣಗಳಿಂದ ಗುರುತು ಸಿಗದು. ಲೈಸೆನ್ಸ್ ಇರುವ ಕಾರ್ಖಾನೆಗೆ ತಪಾಸಣೆಯ ಭಯವಿದೆ. ಲೇಬಲ್ಲೇ ಇಲ್ಲದ ಡಬ್ಬಿಗೆ, ಕೊಲ್ಲಿಯಿಂದ ಬಂದವರ ಸೂಟ್‌ಕೇಸಿನಲ್ಲಿ ಬಂದಿಳಿದ ಟ್ಯೂಬಿಗೆ, ಆನ್‌ಲೈನ್‌ನಲ್ಲಿ ದಿನಕ್ಕೊಂದು ಹೆಸರು ಬದಲಿಸುವ ಮಾರಾಟಗಾರನಿಗೆ ಯಾರ ಭಯ?

ಯುರೋಪು ಮಾಡಿದ್ದು ನಿಷೇಧವಲ್ಲ

ಯುರೋಪಿನ 2024ರ ನಿಯಮ ಕೋಜಿಕ್ ಆಸಿಡನ್ನು ಮುಖ ಮತ್ತು ಕೈಗೆ ಹಚ್ಚುವ ಉತ್ಪನ್ನಗಳಲ್ಲಿ ಶೇ. 1ಕ್ಕೆ ಸೀಮಿತಗೊಳಿಸಿತು. ಆಲ್ಫಾ ಅರ್ಬುಟಿನ್ ಮುಖದ ಕ್ರೀಮಿನಲ್ಲಿ ಶೇ. 2, ಮೈಗೆ ಹಚ್ಚುವ ಲೋಷನ್ನಿನಲ್ಲಿ ಶೇ. 0.5. ಸಾದಾ ಅರ್ಬುಟಿನ್ ಮುಖದ ಕ್ರೀಮಿನಲ್ಲಿ ಶೇ. 7. ಮೈಗೆ ಮಿತಿ ಕಡಿಮೆ ಯಾಕೆಂದರೆ ಹಚ್ಚುವ ಜಾಗ ಹೆಚ್ಚಾದಷ್ಟೂ ಒಳಗಿಳಿಯುವ ಪ್ರಮಾಣ ಹೆಚ್ಚು. ಅಂದರೆ ಇಷ್ಟರೊಳಗೆ ಸುರಕ್ಷಿತ ಎಂದು ತೂಗಿ ನೋಡಿ ಹೇಳಿದ ಅಂಕಿ ಅದು. ಪಾದರಸಕ್ಕೆ ಅಂಥ ಸುರಕ್ಷಿತ ಅಂಕಿಯೇ ಇಲ್ಲ. ಎರಡನ್ನೂ ಒಂದೇ ಸಂದೇಶದಲ್ಲಿ ವಿಷ ಎಂದು ಕರೆದಾಗ ಹೋಗುವುದು ಈ ವ್ಯತ್ಯಾಸ. ಆಮೇಲೆ ಹೆದರಿದವರು ಶೇ. 1 ಕೋಜಿಕ್ ಇರುವ, ವಿಳಾಸವಿರುವ ಕ್ರೀಮನ್ನು ಬಿಟ್ಟು ನೈಸರ್ಗಿಕ ಎಂದು ಬರೆದ, ವಿಳಾಸವಿಲ್ಲದ ಡಬ್ಬಿಗೆ ಹೋಗುತ್ತಾರೆ. ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವುದು ಇದೇ.

ನೈಸರ್ಗಿಕ ಎಂಬ ಮಾತಿಗೆ ಇಲ್ಲಿ ಅರ್ಥವೇನೂ ಇಲ್ಲ. ಕೋಜಿಕ್ ಆಸಿಡ್ ಬರುವುದು ಜಪಾನಿನವರು ಅಕ್ಕಿ ಹುದುಗಿಸಲು ಬಳಸುವ ಬೂಷ್ಟಿನಿಂದ. ಅರ್ಬುಟಿನ್ ಬೇರ್‌ಬೆರ್ರಿ ಗಿಡದ ಎಲೆಯಲ್ಲಿದೆ. ಪಾದರಸವೂ ಭೂಮಿಯಿಂದ ಬಂದದ್ದೇ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ತಿಂಗಳುಗಟ್ಟಲೆ ಕಪ್ಪು ಪಟ್ಟೆ ಉಳಿಯುತ್ತದೆ, ಅದು ಶುದ್ಧ ನೈಸರ್ಗಿಕ.

ಕಲಸುವವರ ಮೇಜಿನ ಮೇಲೆ

ಮುಂಬಯಿಯಲ್ಲಿ ಈ ಪ್ರಶ್ನೆ ಹಚ್ಚುವವರದ್ದು ಮಾತ್ರವಲ್ಲ, ತಯಾರಿಸುವವರದ್ದೂ ಹೌದು. ಪ್ರಿನ್ಸೆಸ್ ಸ್ಟ್ರೀಟ್, ಮಸ್ಜಿದ್ ಬಂದರ್‌ಗಳ ರಾಸಾಯನಿಕ ಅಂಗಡಿಗಳಲ್ಲಿ ನಯಾಸಿನಮೈಡ್ ಪುಡಿ ಯಾರಿಗಾದರೂ ಸಿಗುತ್ತದೆ. ಸೋಪಿನಿಂದ ಶುರುಮಾಡಿ ಸೀರಮ್ಮಿಗೆ ಬಂದ ಗೃಹೋದ್ಯಮಿಗಳು ನಮ್ಮವರಲ್ಲೂ ಇದ್ದಾರೆ. ಅವರು ಸಾಮಾನ್ಯವಾಗಿ ಕೇಳುವುದು, ಯಾವುದು ಒಳ್ಳೆಯದು, ಎಷ್ಟು ಬಗೆ ಹಾಕಿದರೆ ಚೆನ್ನ ಎಂದು. ಆದರೆ ಮೊದಲು ಕೇಳಬೇಕಾದದ್ದು, ಯಾವುದು ಯಾವುದರ ಜೊತೆ ಒಂದೇ ಬಾಟಲಿಯಲ್ಲಿ ಬದುಕುತ್ತದೆ ಎಂದು. ಅದನ್ನು ನಿರ್ಧರಿಸುವುದು ಬಹುಮಟ್ಟಿಗೆ ಹುಳಿ, ಎಂದರೆ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು).

ಶುದ್ಧ ಸಿ ವಿಟಮಿನ್ ಚರ್ಮದೊಳಗೆ ಇಳಿಯಲು ಪಿಎಚ್ 3.5ಕ್ಕಿಂತ ಕೆಳಗಿರಬೇಕು. ನಯಾಸಿನಮೈಡ್‌ಗೆ ಹಿತವಾದುದು 6ರ ಆಸುಪಾಸು. ತೀರಾ ಹುಳಿಯಲ್ಲಿ ದಿನಗಟ್ಟಲೆ ಇಟ್ಟರೆ ಅದು ಸ್ವಲ್ಪ ಸ್ವಲ್ಪವಾಗಿ ನಯಾಸಿನ್ ಆಗುತ್ತದೆ, ಆ ನಯಾಸಿನ್ ಮುಖ ಕೆಂಪಾಗಿಸಿ ಚುರುಗುಟ್ಟಿಸುತ್ತದೆ. ಹಾಗಾಗಿ ಎರಡೂ ಒಳ್ಳೆಯವೆಂದು ಒಟ್ಟಿಗೆ ಸುರಿದರೆ ಒಂದು ಕೆಲಸ ಮಾಡದು, ಇನ್ನೊಂದು ಕೆಣಕುತ್ತದೆ. ಆಲ್ಫಾ ಅರ್ಬುಟಿನ್‌ನದು ಇನ್ನೂ ಗಂಭೀರ. ಅದು ಹೈಡ್ರೋಕ್ವಿನೋನ್‌ಗೆ ಸಕ್ಕರೆಯ ಒಂದು ಅಣು ಕಟ್ಟಿದ ರೂಪ. ಗ್ಲೈಕಾಲಿಕ್‌ನಂಥ ತೀಕ್ಷ್ಣವಾದ ಆಮ್ಲವೂ ಸೆಕೆಯೂ ಸೇರಿದರೆ ಆ ಕಟ್ಟು ಬಿಚ್ಚುತ್ತದೆ, ಬಾಟಲಿಯೊಳಗೇ ಹೈಡ್ರೋಕ್ವಿನೋನ್ ಹುಟ್ಟುತ್ತದೆ. ಮೇ ತಿಂಗಳಲ್ಲಿ ತಗಡಿನ ಮಾಡಿನ ಗೋದಾಮಿನಲ್ಲಿ ಇಟ್ಟ ಪೆಟ್ಟಿಗೆಗಳನ್ನು ಯೋಚಿಸಿ. ನಯಾಸಿನಮೈಡ್ ಮತ್ತು ಆಲ್ಫಾ ಅರ್ಬುಟಿನ್ ಪಿಎಚ್ 5ರಿಂದ 6ರ ನಡುವೆ ಜೊತೆಯಾಗಿ ಇರಬಲ್ಲವು. ಟ್ರಾನೆಕ್ಸಾಮಿಕ್ ಆಸಿಡ್ಡೂ ಅವುಗಳೊಂದಿಗೆ ಜಗಳವಾಡುವುದಿಲ್ಲ.

ಕೋಜಿಕ್ ಆಸಿಡ್ ಗಾಳಿ ಬೆಳಕು ತಾಗಿದರೆ ಕಂದುತ್ತದೆ, ಕಬ್ಬಿಣದ ಅಂಶ ಸಿಕ್ಕರೆ ಕೆಂಪಾಗುತ್ತದೆ. ನಲ್ಲಿನೀರಿನಲ್ಲಿ ಕಲಸುವಂತಿಲ್ಲ, ಲೋಹವನ್ನು ಕಟ್ಟಿಹಾಕುವ ಇಡಿಟಿಎಯಂಥ ಪದಾರ್ಥ ಬೇಕು, ಗಾಳಿಯಾಡದ ಪಂಪಿನ ಬಾಟಲಿ ಬೇಕು. ಸಿ ವಿಟಮಿನ್ನಿನ ಕತೆಯೂ ಅದೇ: ನೀರಿನಂತಿದ್ದ ಸೀರಮ್ ಚಹಾದ ಬಣ್ಣಕ್ಕೆ ತಿರುಗಿತೆಂದರೆ ಅದರ ಕೆಲಸ ಮುಗಿಯಿತು. ನಮ್ಮ ಊರಿನ ಹವೆಗೆ ಈಥೈಲ್ ಆಸ್ಕಾರ್ಬಿಕ್ ಆಸಿಡ್‌ನಂಥ, ಬೇಗ ಕೆಡದ ರೂಪ ಆರಿಸುವುದು ಜಾಣತನ, ಬೆಲೆ ಹೆಚ್ಚಾದರೂ.

ಇನ್ನು ಪ್ರಮಾಣ. ಶೇ. 5 ಸಾಕಾಗುವಲ್ಲಿ ಶೇ. 10, 15 ಎಂದು ದೊಡ್ಡಕ್ಷರದಲ್ಲಿ ಬರೆಯುವ ಪೈಪೋಟಿ ನಡೆದಿದೆ. ಪ್ರಮಾಣ ಎರಡು ಪಟ್ಟಾದರೆ ಫಲ ಎರಡು ಪಟ್ಟಾಗುವುದಿಲ್ಲ, ಉರಿ ಖಂಡಿತ ಹೆಚ್ಚುತ್ತದೆ. ಉರಿದರೆ ಏನಾಗುತ್ತದೆಂದು ಮೇಲೆಯೇ ನೋಡಿದೆವು.

ಮನೆಯಲ್ಲಿ ತಯಾರಿಸಿ ಮಾರುವುದಕ್ಕೂ ಲೈಸೆನ್ಸ್ ಬೇಕು. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ ಮುಖ್ಯ ಕಚೇರಿಯಿರುವ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತವೇ ಅದನ್ನು ಕೊಡುವುದು. ಅದು ಆಗದವರು ಲೈಸೆನ್ಸ್ ಇರುವ ಕಾರ್ಖಾನೆಯಲ್ಲಿ ತಮ್ಮ ಹೆಸರಿನಲ್ಲಿ ಮಾಡಿಸಿಕೊಳ್ಳುತ್ತಾರೆ. ಕೊಂಡ ಪುಡಿಯ ಶುದ್ಧತೆಯ ಪತ್ರ ಕೇಳುವುದು, ಪ್ರತಿ ಬ್ಯಾಚಿಗೂ ಭಾರಲೋಹಗಳ ಪರೀಕ್ಷೆ ಮಾಡಿಸುವುದು ದುಬಾರಿ ಎನಿಸಬಹುದು. ಆದರೆ ಕೊಂಡವರ ಮೈಗೆ ಹೋಗುವ ಪದಾರ್ಥ ಅದು.

ಜಪಾನಿನಲ್ಲಿ ಆದದ್ದು

ಒಪ್ಪಿಗೆ ಪಡೆದ ಹೊಸ ಪದಾರ್ಥವೂ ಕೈಕೊಡಬಹುದು. ರೋಡೋಡೆನಾಲ್ ಎಂಬುದು ಮರಗಳಲ್ಲಿ ಸಹಜವಾಗಿ ಸಿಗುವ ವಸ್ತು. ಕಾನೆಬೋ ಕಂಪನಿ 2008ರಲ್ಲಿ ಸರಕಾರದ ಒಪ್ಪಿಗೆಯೊಂದಿಗೆ ಅದನ್ನು ಶೇ. 2ರಷ್ಟು ಬಿಳುಪಿನ ಕ್ರೀಮುಗಳಿಗೆ ಬೆರೆಸಿತು. 2013ರ ಜುಲೈಯಲ್ಲಿ 54 ಉತ್ಪನ್ನಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ಹಚ್ಚಿದಲ್ಲಿ ತೊನ್ನಿನಂಥ ಬಿಳಿ ಮಚ್ಚೆಗಳೆದ್ದವರ ಸಂಖ್ಯೆ 18,000 ದಾಟಿತು. ಟೈರೋಸಿನೇಸನ್ನು ತಡೆಯಬೇಕಾದ ಪದಾರ್ಥವನ್ನು ಆ ಕಿಣ್ವವೇ ವಿಷವಾಗಿ ಬದಲಿಸಿ, ಬಣ್ಣ ಮಾಡುವ ಕೋಶಗಳನ್ನೇ ಕೊಂದಿತ್ತು. ಹೆಚ್ಚಿನವರಿಗೆ ಬಿಟ್ಟಮೇಲೆ ಬಣ್ಣ ಮರಳಿತು, ಕೆಲವರಿಗೆ ಮರಳಲಿಲ್ಲ. ನಯಾಸಿನಮೈಡ್‌ನಂಥ ಹಳೆಯ, ಬೇಸರ ತರಿಸುವಷ್ಟು ಪರಿಚಿತ ಪದಾರ್ಥದ ಬೆಲೆ ತಿಳಿಯುವುದು ಇಂಥ ಕಡೆ.

ಬಣ್ಣದ ಮಾತು, ಕಲೆಯ ಮಾತು

ಈ ಕ್ರೀಮುಗಳೇ ಬೇಡ ಎನ್ನುವವರ ವಾದಕ್ಕೆ ತೂಕವಿದೆ. 1975ರಲ್ಲಿ ಪೇಟೆಗೆ ಬಂದ ಫೇರ್ ಅಂಡ್ ಲವ್ಲಿ ನಾಲ್ಕೂವರೆ ದಶಕ ಬಿಳಿಯೇ ಚೆಲುವು ಎಂಬ ಹೆಸರನ್ನು ಹೊತ್ತು 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಮುಂಬಯಿಯಲ್ಲೇ ಇರುವ ಜಾಹೀರಾತು ಮಾನಕ ಮಂಡಳಿ 2014ರಲ್ಲೇ, ಕಪ್ಪು ಬಣ್ಣದವರನ್ನು ಸೋತವರಂತೆ ತೋರಿಸಬಾರದೆಂದು ಹೇಳಿತ್ತು. ವಧುವರರ ಜಾಹೀರಾತಿನಲ್ಲಿ ಬಣ್ಣದ ಕಾಲಮ್ಮು ಇರುವವರೆಗೆ ಡಬ್ಬಿಯ ಹೆಸರು ಬದಲಾದರೆ ಬೇಡಿಕೆ ಬದಲಾಗದು ಎಂಬುದೂ ನಿಜ.

ಉದ್ಯಮದವರು, ಜನ ಕೇಳುತ್ತಿರುವುದು ಕಲೆಗೆ ಪರಿಹಾರ ಎನ್ನುತ್ತಾರೆ. ಬಂಗು ಎದ್ದ ಹೆಂಗಸಿಗೆ ನಿನ್ನ ಬಣ್ಣವನ್ನು ಪ್ರೀತಿಸು ಎಂದಷ್ಟೇ ಹೇಳಿ ಕಳಿಸುವುದು ನ್ಯಾಯವಲ್ಲ, ಅದು ಚಿಕಿತ್ಸೆ ಇರುವ ತೊಂದರೆ. ನನ್ನ ಮಟ್ಟಿಗೆ ಗೆರೆ ಎಳೆಯಬೇಕಾದದ್ದು ಇಲ್ಲಿ: ಕಲೆಯನ್ನು ಸುತ್ತಲಿನ ಚರ್ಮದ ಬಣ್ಣಕ್ಕೆ ತರುವುದು ಸಾಧ್ಯ, ಸರಿ. ಹುಟ್ಟುಬಣ್ಣವನ್ನೇ ಬದಲಿಸುತ್ತೇನೆ ಎನ್ನುವುದು ಒಂದೋ ಸುಳ್ಳು, ಇಲ್ಲವೇ ವಿಷ.

ಪೂರ್ತಿ ನಿಷೇಧದ ಫಲ ಏನೆಂಬುದಕ್ಕೆ ದಕ್ಷಿಣ ಆಫ್ರಿಕ ಇದೆ. ಅಲ್ಲಿ 1990ರಲ್ಲಿ ಹೈಡ್ರೋಕ್ವಿನೋನ್ ಇರುವ ಬಿಳುಪಿನ ಕ್ರೀಮುಗಳನ್ನು ನಿಷೇಧಿಸಿದರು. ಆಸೆ ಹೋಗಲಿಲ್ಲ, ಕಳ್ಳಪೇಟೆ ಬೆಳೆಯಿತು. ಇಲ್ಲೂ ಒಳ್ಳೆಯ ಪದಾರ್ಥಗಳನ್ನು ಕೆಟ್ಟವುಗಳ ಜೊತೆ ಸೇರಿಸಿ ಹೊಡೆದರೆ ಲಾಭ ಲೇಬಲ್ ಇಲ್ಲದ ಡಬ್ಬಿಗೇ.

ಲೇಬಲ್ ಓದುವುದು

ತಯಾರಕರ ಪೂರ್ಣ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್, ಅವಧಿ, ಹೊರದೇಶದ್ದಾದರೆ ಆಮದು ನೋಂದಣಿ ಸಂಖ್ಯೆ ಇರಲೇಬೇಕು. ಇವಿಲ್ಲದ್ದು ಎಷ್ಟೇ ಹೊಗಳಿಕೆಯೊಂದಿಗೆ ಬಂದರೂ ಬೇಡ. ಪದಾರ್ಥಗಳ ಪಟ್ಟಿಯಲ್ಲಿ ಶೇ. 1ಕ್ಕಿಂತ ಹೆಚ್ಚಿರುವವು ಇಳಿಕೆಯ ಕ್ರಮದಲ್ಲಿ ಬರುತ್ತವೆ, ಅದಕ್ಕಿಂತ ಕಡಿಮೆಯವು ಹೇಗೆ ಬೇಕಾದರೂ. ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಶೇ. 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಆದ್ದರಿಂದ ಡಬ್ಬಿಯ ಮುಂದೆ ದೊಡ್ಡದಾಗಿ ಬರೆದ ನಯಾಸಿನಮೈಡ್ ಪಟ್ಟಿಯಲ್ಲಿ ಆ ಹೆಸರಿನ ನಂತರ ಬಂದಿದ್ದರೆ, ಅದು ಇರುವುದು ಹೆಸರಿಗೆ ಮಾತ್ರ. ಕ್ಯಾಲೊಮೆಲ್, ಮರ್ಕ್ಯುರಿಕ್ ಎಂಬ ಪದಗಳು, ಅಥವಾ ಚಿನ್ನ ಬೆಳ್ಳಿಯ ಒಡವೆಗೆ ತಾಗಿಸಬೇಡಿ ಎಂಬ ಎಚ್ಚರಿಕೆ ಕಂಡರೆ ಅದು ಪಾದರಸದ ಗುರುತು.

ಸನ್‌ಸ್ಕ್ರೀನ್ ಇಲ್ಲದೆ ಇವುಗಳಲ್ಲಿ ಯಾವುದಕ್ಕೂ ಖರ್ಚು ಮಾಡಬೇಕಿಲ್ಲ. ರಾತ್ರಿ ತಡೆದ ಬಣ್ಣವನ್ನು ಬೆಳಗಿನ ಲೋಕಲಿನ ಕಿಟಕಿಯ ಬಿಸಿಲು ಮರಳಿ ತರುತ್ತದೆ. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಕೆಡುಕು, ಅದನ್ನು ತಡೆಯುವುದು ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಸನ್‌ಸ್ಕ್ರೀನು.

ಈಗಾಗಲೇ ಹಚ್ಚುತ್ತಿದ್ದರೆ

ಪಾದರಸದ ಅನುಮಾನವಿದ್ದರೆ ಇಂದೇ ನಿಲ್ಲಿಸಬೇಕು, ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ ವೈದ್ಯರಿಗೆ ಕ್ರೀಮಿನ ವಿಷಯ ಹೇಳಬೇಕು. ಸಮಯಕ್ಕೆ ಬಿಟ್ಟವರಲ್ಲಿ ಹಲವರ ಕಿಡ್ನಿ ಚೇತರಿಸಿಕೊಂಡಿದೆ. ಸ್ಟೀರಾಯ್ಡ್ ಎಂದು ತೋರಿದರೆ ತಾವಾಗಿ ಒಮ್ಮೆಲೇ ಬಿಡದೆ, ಚರ್ಮವೈದ್ಯರ ಕೈಯಲ್ಲಿ ಬಿಡಿಸಿಕೊಳ್ಳಬೇಕು. ಬಸುರಿಯರಿಗೆ ರೆಟಿನಾಲ್ (ಎ ವಿಟಮಿನ್ನಿನ ರೂಪ), ಹೈಡ್ರೋಕ್ವಿನೋನ್ ಎರಡೂ ಬೇಡ. ಕಲೆಗೆ ಹಚ್ಚುವ ಇನ್ನೊಂದು ಔಷಧವಾದ ಅಜೆಲಾಯಿಕ್ ಆಸಿಡ್ ಆದೀತೇ ಎಂದು ವೈದ್ಯರನ್ನು ಕೇಳಬಹುದು.

ಡಬ್ಬಿಯನ್ನು ಮಾತ್ರ ಕಸದ ಬುಟ್ಟಿಗೆ ಹಾಕಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಆಸ್ಪತ್ರೆಗೆ ಒಯ್ಯಿರಿ. ಅಕೋಲಾದ ಆ ಮೂವರ ಕಾಯಿಲೆಗೆ ಕಾರಣ ಗೊತ್ತಾದದ್ದು, ಹಚ್ಚಿ ಉಳಿದಿದ್ದ ಆ ಕ್ರೀಮು ಪರೀಕ್ಷೆಗೆ ಸಿಕ್ಕಿದ್ದರಿಂದ.